ಬಂಡೆಯ ಮೇಲಣ ಜೀರ್ಣೋದ್ಧಾರ

ಹೊಸದಾಗಿ ಕಟ್ಟುವುದು ಬೇರೆ, ಹಳೆಯದನ್ನು ನೇರ್ಪಡಿಸುವುದು ಬೇರೆ ಎಂಬ ವಿವೇಕವು ನಮ್ಮ ಶಿಲ್ಪಶಾಸ್ತ್ರಕಾರರಿಗೆ ಚೆನ್ನಾಗಿ ತಿಳಿದಿದ್ದಿತು. ಮಯಮತದಲ್ಲಿ ಅನುಕರ್ಮವೆಂಬ ಹೆಸರಿನಿಂದಲೂ, ಆಗಮಗ್ರಂಥಗಳಲ್ಲಿ ಜೀರ್ಣೋದ್ಧಾರವೆಂಬ ಹೆಸರಿನಿಂದಲೂ ಈ ಎರಡನೆಯ ಕಾರ್ಯಕ್ಕೆ ಪ್ರತ್ಯೇಕವಾದ ವಿಧಿಯೇ ಉಂಟು. ಹೊಸ ಗುಡಿಯನ್ನು ಕಟ್ಟಿಸುವವನು ತನ್ನ ಸಂಕಲ್ಪದಂತೆ ನಡೆಯಬಹುದು. ಜೀರ್ಣವಾದುದನ್ನು ಎತ್ತಿ ನಿಲ್ಲಿಸುವವನಾದರೋ ಮತ್ತೊಬ್ಬನ ಸಂಕಲ್ಪಕ್ಕೆ ಅಧೀನನು. ಪಾಠಶಾಲೆಯ ದಿನಗಳಲ್ಲಿ ನಾನು ಇದನ್ನು ಕೇಳಿ ಮರೆತಿದ್ದೆನು. ಈಗ ಅರುವತ್ತು ದಾಟಿದ ಮೇಲೆ ಅದು ನೆನಪಿಗೆ ಬಂದುದು ಯಾವುದೊಂದು ದೇವಾಲಯದಿಂದಲೂ ಅಲ್ಲ. ಎರಡು ಅಂಗುಲ ಉದ್ದವೂ ಇಲ್ಲದ ಒಂದು ತುಕ್ಕು ಹಿಡಿದ ಕಬ್ಬಿಣದ ತುಂಡಿನಿಂದ.

ನನ್ನಲ್ಲಿ ಹಿಂದೆ ಓದಿದ ಶಿಷ್ಯನೊಬ್ಬನು ಹೋದ ಮಾಘಮಾಸದಲ್ಲಿ ಬಾದಾಮಿಯಿಂದ ಹಿಂದಿರುಗುತ್ತ ನಮ್ಮ ಮನೆಗೆ ಬಂದು ಆ ತುಂಡನ್ನು ಮೇಜಿನ ಮೇಲಿಟ್ಟನು.

"ಇದೇನಪ್ಪ?" ಎಂದೆನು.

"ಬೋಲ್ಟು ಮೇಷ್ಟ್ರೇ. ಬಂಡೆಯಿಂದ ಕಿತ್ತದ್ದು. ಮೊನ್ನೆಯವರೆಗೂ ಇದರ ಮೇಲೆ ಜನ ಪ್ರಾಣ ಇಟ್ಟು ತೂಗಾಡುತ್ತಿದ್ದರು," ಎಂದನು.

ತುಂಡಿನ ತಲೆ ನೋಡಲು ಗಟ್ಟಿಯಾಗಿದ್ದಿತು. ಕಲ್ಲಿನೊಳಗೆ ಹುದುಗಿದ್ದ ಭಾಗವಾದರೋ ಗೆದ್ದಲು ತಿಂದ ಕಡ್ಡಿಯಂತೆ ಸವೆದುಹೋಗಿದ್ದಿತು. ಇಂತಹವುಗಳನ್ನು ಕಿತ್ತು ಹೊಸದನ್ನು ಹಾಕುವ ಕೆಲಸಕ್ಕಾಗಿ ಅವನು ತನ್ನ ರಜೆಯ ದಿನಗಳನ್ನು ಮುಡಿಪಾಗಿಟ್ಟಿರುವನೆಂದು ಕೇಳಿ, ಆ ವಿದ್ಯೆಯ ಚರಿತ್ರೆಯನ್ನು ತಿಳಿಯಬೇಕೆಂಬ ಆಸೆ ನನಗುಂಟಾಯಿತು. ತಿಳಿದುದನ್ನು ವಾಚಕರ ಮುಂದಿಡುತ್ತೇನೆ. ಬಂಡೆಯನ್ನು ಹತ್ತುವುದು ಹುಡುಗಾಟವೆಂದು ಭಾವಿಸುವವರು ಸ್ವಲ್ಪ ತಾಳ್ಮೆ ವಹಿಸಬೇಕಾಗಿ ಪ್ರಾರ್ಥನೆ. ನಾನೂ ಮೊದಲು ಹಾಗೆಯೇ ಭಾವಿಸಿದ್ದೆನು.

ಮೊದಲು ಬೋಲ್ಟಿನ ಸ್ವರೂಪವನ್ನು ಹೇಳಬೇಕು. ಬಂಡೆಯಲ್ಲಿ ಬಿರುಕುಗಳಿದ್ದರೆ ಹತ್ತುವವನು ಅದರೊಳಗೆ ಕಬ್ಬಿಣದ ಗೂಟವನ್ನೋ ಬೇರೆ ಸಾಧನವನ್ನೋ ಸಿಕ್ಕಿಸಿ ತನ್ನ ಹಗ್ಗಕ್ಕೆ ಆಸರೆ ಮಾಡಿಕೊಳ್ಳುತ್ತಾನೆ. ಬಿರುಕೇ ಇಲ್ಲದ ನುಣುಪಾದ ಕಲ್ಲಿನಲ್ಲಿ ಚಾಣದಿಂದ ರಂಧ್ರ ಕೊರೆದು, ಅದರೊಳಗೆ ಬಿಗಿಯಾಗಿ ಕೂರುವ ಲೋಹದ ಸರಳನ್ನು ಬಡಿದು, ಅದರ ತಲೆಗೆ ಹ್ಯಾಂಗರ್ ಎಂದು ಕರೆಯುವ ಲೋಹದ ಕಿವಿಯನ್ನು ತೊಡಿಸಬೇಕಾಗುತ್ತದೆ. ಈ ಸರಳೇ ಬೋಲ್ಟು. ಮುಂದೆ ಹತ್ತುವವನು ಆ ಕಿವಿಯ ಮೂಲಕ ಹಗ್ಗವನ್ನು ಹಾಯಿಸಿಕೊಂಡು ಹೋಗುತ್ತಾನೆ. ಬೋಲ್ಟಿನಿಂದ ಹತ್ತಡಿ ಮೇಲೆ ಹೋಗಿ ಕಾಲು ಜಾರಿದರೆ ಅವನು ಹತ್ತಡಿಯಲ್ಲ, ಇಪ್ಪತ್ತಡಿಗೂ ಹೆಚ್ಚಾಗಿ ಬೀಳುತ್ತಾನೆ. ಆ ಜಗ್ಗು ಬೋಲ್ಟಿನ ಮೇಲೆಯೇ. ಆದುದರಿಂದಲೇ ಇಂದಿನ ಯೂರೋಪಿನ ನಿಯಮದಂತೆ ಒಳ್ಳೆಯ ಬೋಲ್ಟು ಕೆಳಮುಖವಾದ ಸುಮಾರು ಎರಡೂವರೆ ಟನ್ ತೂಕದ ಸೆಳೆತವನ್ನು ತಡೆಯಬೇಕು. ನನ್ನ ಮೇಜಿನ ಮೇಲಿದ್ದ ತುಂಡು ಎಷ್ಟನ್ನು ತಡೆಯುತ್ತಿದ್ದಿತೋ ಈಶ್ವರನೇ ಬಲ್ಲ.

ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಯೋಸೆಮಿಟಿ ಎಂಬ ಕಣಿವೆಯುಂಟು. ಅಲ್ಲಿ ಹಾಫ್ ಡೋಮ್, ಎಂದರೆ ಅರ್ಧಗುಮ್ಮಟ, ಎಂಬ ಗ್ರಾನೈಟ್ ಶಿಖರವು ಕಣಿವೆಯ ನೆಲದಿಂದ ಸುಮಾರು 4,700 ಅಡಿಗಳಷ್ಟು ಎದ್ದು ನಿಂತಿದೆ. 1860ರ ದಶಕದಲ್ಲಿ ಆ ಪ್ರಾಂತದ ಭೂವಿಜ್ಞಾನಾಧಿಕಾರಿಯಾಗಿದ್ದ ಜೋಸಯ್ಯ ವಿಟ್ನಿಯು ಈ ಶಿಖರವನ್ನು ಮನುಷ್ಯಪಾದವು ಎಂದೂ ಮುಟ್ಟಲಾರದೆಂಬ ಅರ್ಥದಲ್ಲಿ ಬರೆದಿಟ್ಟನು. ಪಂಡಿತರ ಇಂತಹ ಮಾತು ಸುಳ್ಳಾಗುವುದಕ್ಕೆ ಬಹುಕಾಲ ಬೇಕಾಗುವುದಿಲ್ಲ. ಸ್ಕಾಟ್ಲೆಂಡಿನಿಂದ ಬಂದು, ಹಿಂದೆ ನಾವಿಕನಾಗಿದ್ದು, ಆ ಕಣಿವೆಯಲ್ಲಿ ಕಮ್ಮಾರಿಕೆ ಮಾಡುತ್ತಿದ್ದ ಜಾರ್ಜ್ ಆಂಡರ್ಸನ್ ಎಂಬವನು ತಾನೇ ಕಾಯಿಸಿ ಬಡಿದ ಕಣ್ಣುಳ್ಳ ಕಬ್ಬಿಣದ ಬೋಲ್ಟುಗಳನ್ನು ಹೊತ್ತು ಆ ಬೆಟ್ಟದ ಬೆನ್ನಿಗೆ ಹೋದನು. ಐದಾರು ಅಡಿಗಳಿಗೊಂದರಂತೆ ರಂಧ್ರ ಕೊರೆದು, ಬೋಲ್ಟು ಬಡಿದು, ಅದಕ್ಕೆ ಹಗ್ಗವನ್ನು ಬಿಗಿದು, ಆ ಬೋಲ್ಟಿನ ಮೇಲೆಯೇ ನಿಂತು ಮುಂದಿನ ರಂಧ್ರವನ್ನು ಕೊರೆಯುತ್ತ, 1875ನೆಯ ಇಸವಿ ಅಕ್ಟೋಬರ್ 12ರಂದು ತುದಿಯನ್ನು ಮುಟ್ಟಿದನು. ಅವನ ಹಗ್ಗವನ್ನು ಹಿಡಿದು ಆ ವರುಷವೇ ಇನ್ನೂ ಹಲವರು ಹತ್ತಿದರು. ನಿಸರ್ಗಪ್ರೇಮಿಯೆಂದು ಪ್ರಖ್ಯಾತನಾದ ಜಾನ್ ಮ್ಯೂರನೂ ಅವರಲ್ಲಿ ಒಬ್ಬನು. ಕೊನೆಯ ಇಳಿಜಾರಿನುದ್ದಕ್ಕೂ ಮೆಟ್ಟಿಲುಗಳನ್ನು ಕಟ್ಟಬೇಕೆಂಬುದು ಆಂಡರ್ಸನನ ಆಸೆಯಾಗಿದ್ದಿತು. ಅದು ಪೂರೈಸಲಿಲ್ಲ, 1884ರಲ್ಲಿ ಅವನು ತೀರಿಕೊಂಡನು.

ಅದೇ ಸಂವತ್ಸರದಲ್ಲಿಯೇ ಮೊದಲ ಜೀರ್ಣೋದ್ಧಾರವೂ ನಡೆಯಿತೆಂಬುದು ಗಮನಿಸತಕ್ಕ ವಿಷಯ. ಚಳಿಗಾಲದ ಹಿಮವು ಜಾರಿ ಹಗ್ಗವನ್ನೂ ಕೆಲವು ಬೋಲ್ಟುಗಳನ್ನೂ ಕಿತ್ತುಕೊಂಡು ಹೋಗಿದ್ದಿತು. ಮುಂದೆ ಶಿಲ್ಪಿಯೆಂದು ಹೆಸರಾದ ಫಿಮಿಸ್ಟರ್ ಪ್ರಾಕ್ಟರ್ ಎಂಬ ತರುಣನೂ ಅವನ ಮಿತ್ರನಾದ ಆಲ್ಡೆನ್ ಸ್ಯಾಂಪ್ಸನ್ ಎಂಬವನೂ ಅಲ್ಲಿಗೆ ಬಂದರು. ದನಗಾಹಿಗಳು ಕರುಗಳ ಕೊರಳಿಗೆ ಕುಣಿಕೆ ಎಸೆಯುವಂತೆ, ಮೇಲೆ ಉಳಿದಿದ್ದ ಬೋಲ್ಟಿಗೆ ಗುರಿಯಿಟ್ಟು ಹಗ್ಗದ ಕುಣಿಕೆಯನ್ನೆಸೆದು, ಅದು ಸಿಕ್ಕಿಕೊಂಡ ಮೇಲೆ ಹಗ್ಗ ಹಿಡಿದು ಹತ್ತುತ್ತ, ಬೋಲ್ಟು ಕಿತ್ತುಹೋದೆಡೆಗಳಲ್ಲಿ ಬರಿಗಾಲಿನಿಂದ ಕಲ್ಲನ್ನು ಅಪ್ಪಿಕೊಂಡು ಮುಂದುವರಿಯುತ್ತ, ಅವರು ಆಂಡರ್ಸನನ ದಾರಿಗೆ ಮತ್ತೆ ಹಗ್ಗವನ್ನು ಕಟ್ಟಿದರು. 1919ರಲ್ಲಿ ಸಿಯೆರ್ರಾ ಕ್ಲಬ್ಬಿನವರು ಅಲ್ಲಿ ಉಕ್ಕಿನ ಕೇಬಲ್ಲುಗಳನ್ನು ಎಳೆಯಿಸಿದರು. 1934ರಲ್ಲಿ ಅವನ್ನೂ ಬದಲಾಯಿಸಬೇಕಾಯಿತು. ಈಗ ಸಾಮಾನ್ಯ ಜನರೂ ಆ ಕೇಬಲ್ಲುಗಳನ್ನು ಹಿಡಿದು ಹತ್ತುತ್ತಾರೆ. ಸಂದಣಿ ಹೆಚ್ಚಿ, 2010ರಿಂದ ಅನುಮತಿಪತ್ರದ ಕಟ್ಟಳೆಯೂ ಬಂದಿದೆ.

ಇದರಿಂದ ಮೂಲದ ಸ್ವರೂಪವೇ ಹಾಳಾಯಿತೆನ್ನುವವರುಂಟು. ನನಗೆ ಹಾಗೆ ತೋರುವುದಿಲ್ಲ. ಆಂಡರ್ಸನನ ಸಂಕಲ್ಪವೇ ಎಲ್ಲರಿಗೂ ಮೆಟ್ಟಿಲು ಕಟ್ಟಿಸಬೇಕೆಂಬುದಾಗಿತ್ತಷ್ಟೆ. ಕೇಬಲ್ಲು ಹಾಕಿದವರು ಕರ್ತೃವಿನ ಇಷ್ಟವನ್ನು ಮುಂದುವರಿಸಿದರೇ ಹೊರತು ಮೀರಲಿಲ್ಲ. ಆದರೆ ಎಲ್ಲ ಬಂಡೆಗಳ ವಿಷಯದಲ್ಲಿಯೂ ಈ ನ್ಯಾಯವನ್ನು ಹೇಳಬರುವುದಿಲ್ಲ, ಕಷ್ಟವಿರುವುದು ಅಲ್ಲಿಯೇ.

ಏತಕ್ಕೆಂದರೆ, ಹತ್ತುವವರಲ್ಲಿ ಕಬ್ಬಿಣವನ್ನೇ ದೋಷವೆಂದು ಎಣಿಸುವ ಒಂದು ಮತವು ಬೆಳೆದುಬಂದಿತು. 1911ರಲ್ಲಿ ಆಸ್ಟ್ರಿಯಾ ದೇಶದ ಪೌಲ್ ಪ್ರಾಯಿಸ್ ಎಂಬ ತರುಣನು, ಗೂಟಗಳ ಬಲದಿಂದ ಹತ್ತುವುದು ಹತ್ತುವುದೇ ಅಲ್ಲವೆಂದು ವಾದಿಸಿ ಲೇಖನ ಬರೆದಾಗ ಆಲ್ಪ್ಸ್ ಪರ್ವತದ ವೀರರಲ್ಲಿ ದೊಡ್ಡ ವಾಗ್ಯುದ್ಧವೇ ನಡೆಯಿತು. ನಮ್ಮ ದ್ವೈತಾದ್ವೈತ ಖಂಡನಗ್ರಂಥಗಳನ್ನು ಓದಿದವರಿಗೆ ಆ ಪ್ರತ್ಯುತ್ತರಗಳ ರೀತಿ ಹೊಸದೆನಿಸದು. ಪ್ರಾಯಿಸನು ತನ್ನ ಮಾತಿಗೆ ತಪ್ಪದವನು. 1913ರಲ್ಲಿ ಹಗ್ಗವಿಲ್ಲದೆ ಒಬ್ಬನೇ ಹತ್ತುತ್ತ ಬಿದ್ದು ಸತ್ತನು. ಅಮೆರಿಕಾದಲ್ಲಿ 1939ರಲ್ಲಿ ನ್ಯೂ ಮೆಕ್ಸಿಕೋ ಪ್ರಾಂತದ ಶಿಪ್‌ರಾಕ್ ಎಂಬ ಶಿಖರವನ್ನು ಮೊದಲು ಹತ್ತಿದ ನಾಲ್ವರು ನಾಲ್ಕೇ ಬೋಲ್ಟುಗಳನ್ನು ಬಡಿದರು. ಆ ನಾಲ್ಕಕ್ಕೂ ಅವರು ಸಮಾಧಾನ ಹೇಳಬೇಕಾಯಿತು.

ಯುದ್ಧ ಮುಗಿದ ಮೇಲೆ ಕಾಲ ಬದಲಾಯಿತು. ಯೋಸೆಮಿಟಿಯಲ್ಲಿಯೇ ಎಲ್ ಕ್ಯಾಪಿಟನ್ ಎಂಬ, ಸುಮಾರು 3,000 ಅಡಿ ಎತ್ತರದ ನೆಟ್ಟಗಿನ ಗೋಡೆಯಂತಹ ಬಂಡೆಯಿದೆ. ಅದರ ಮೂಗಿನಂತೆ ಮುಂಚಾಚಿದ ಅಂಚನ್ನು, 'ನೋಸ್' ಎಂದೇ ಅದರ ಹೆಸರು, ವಾರೆನ್ ಹಾರ್ಡಿಂಗ್ ಎಂಬವನು 1957ರ ಬೇಸಿಗೆಯಲ್ಲಿ ಹತ್ತಲಾರಂಭಿಸಿದನು. ಬಿಟ್ಟು ಬಿಟ್ಟು ಒಟ್ಟು ಸುಮಾರು 45 ದಿನಗಳ ದುಡಿಮೆ. ಕೊನೆಯ ರಾತ್ರಿ, ಮೇಲೆ ಬಾಗಿ ಬಂದಿದ್ದ ಬಿರುಕಿಲ್ಲದ ಕಲ್ಲಿನಲ್ಲಿ, ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಒಂದಾದ ಮೇಲೊಂದರಂತೆ 28 ರಂಧ್ರಗಳನ್ನು ಕೈಯಿಂದಲೇ ಕೊರೆದು ಬೋಲ್ಟು ಬಡಿದು, 1958ರ ನವೆಂಬರ್ 12ರ ಬೆಳಗ್ಗೆ ಅವನು ಮೇಲೆ ಬಂದನು. ವೇಯ್ನ್ ಮೆರಿ, ಜಾರ್ಜ್ ವಿಟ್ಮೋರ್ ಎಂಬಿಬ್ಬರು ಜೊತೆಗಿದ್ದರು. ದಾರಿಯುದ್ದಕ್ಕೂ ಬಡಿದ ಬೋಲ್ಟುಗಳು ಸುಮಾರು 125.

ಹಾರ್ಡಿಂಗನ ಕಾಲದ ಈ ಬೋಲ್ಟುಗಳು ಕಾಲಂಗುಲ ದಪ್ಪದವು. ಮನೆಯ ಗೋಡೆಗೆ ಏನನ್ನಾದರೂ ತೂಗುಹಾಕಲು ಗಾರೆಕೆಲಸದವರು ಬಳಸುವಂತಹ ಜಾತಿಯವು; ಬಂಡೆಯನ್ನು ಹತ್ತುವವನಿಗಾಗಿ ಮಾಡಿದವಲ್ಲ. ಸಣ್ಣದಾದಷ್ಟೂ ಕೊರೆಯುವ ಶ್ರಮ ಕಡಿಮೆಯೆಂಬುದೇ ಅವುಗಳ ಗುಣ. ನೇತಾಡುತ್ತ ಸುತ್ತಿಗೆ ಬೀಸುವವನಿಗೆ ಅದೇನೂ ಸಣ್ಣ ಗುಣವಲ್ಲ. ತಾನು ಬಡಿದ ಬೋಲ್ಟಿನ ಮೇಲೆ ಐವತ್ತು ವರುಷಗಳಾಚೆ ಸಾವಿರಾರು ಜನರು ನೇತಾಡುವರೆಂದು ಅವನು ಹೇಗೆ ಊಹಿಸಿಯಾನು! ಹೀಗೆ ಸಾಮಾನ್ಯ ಉಕ್ಕಿನ ಸಣ್ಣ ಸರಳುಗಳು ಮಳೆ, ಹಿಮ, ಕಲ್ಲಿನೊಳಗಣ ತೇವಗಳಲ್ಲಿ ತುಕ್ಕು ಹಿಡಿಯುತ್ತ ಬಂದುವು. ಬೋಲ್ಟಿನ ರೋಗವು ಮರದ ಬೊಡ್ಡೆಯೊಳಗಿನ ಪೊಳ್ಳಿನಂತೆ. ಹೊರಗೆ ಕಾಣುವುದು ತಲೆ ಮಾತ್ರ, ಸವೆಯುವುದು ರಂಧ್ರದೊಳಗೆ. ನೋಡಿ ನಂಬಿದವನು ಕೆಡುತ್ತಾನೆ.

ಕ್ರಿಸ್ ಮೆಕ್‌ನಮಾರಾ ಎಂಬವರು 1998ರಲ್ಲಿ 'ಅಮೆರಿಕನ್ ಸೇಫ್ ಕ್ಲೈಂಬಿಂಗ್ ಅಸೋಸಿಯೇಷನ್' ಎಂಬ ಸಂಘವನ್ನು ಸ್ಥಾಪಿಸಿದುದು ಈ ಕಾರಣದಿಂದಲೇ. ಹಣವು ಜನರ ವಂತಿಗೆಯಿಂದ, ದುಡಿಮೆಯು ಹೆಚ್ಚಾಗಿ ಸ್ವಯಂಸೇವಕರಿಂದ. ಆ ಸಂಘದವರೂ ಅವರನ್ನು ನೋಡಿ ಕಲಿತವರೂ ಸೇರಿ ಸಾವಿರಗಟ್ಟಲೆ ಹಳೆಯ ಬೋಲ್ಟುಗಳನ್ನು ಕಿತ್ತು, ಅವುಗಳ ಜಾಗದಲ್ಲಿ ಮುಕ್ಕಾಲಂಗುಲದ ಅರ್ಧದಷ್ಟು ದಪ್ಪದವನ್ನೋ ಅರ್ಧಂಗುಲದವನ್ನೋ ತುಕ್ಕುನಿರೋಧಕ ಉಕ್ಕಿನಲ್ಲಿ ಮಾಡಿಸಿ ಹಾಕಿರುವರು.

ಈ ಕೆಲಸದ ವಿಧಾನವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಮರ್ಮವೆಲ್ಲವೂ ಅದರಲ್ಲಿದೆ. ಸುಲಭದ ದಾರಿಯೆಂದರೆ ಹಳೆಯ ಬೋಲ್ಟಿನ ತಲೆಯನ್ನು ಮುರಿದು, ಪಕ್ಕದಲ್ಲಿ ಹೊಸ ರಂಧ್ರ ಕೊರೆದು ಹೊಸದನ್ನು ಹಾಕುವುದು. ಹೀಗೆ ಮಾಡಿದರೆ ಕಲ್ಲಿನಲ್ಲಿ ಒಂದರ ಪಕ್ಕಕ್ಕೊಂದು ಗಾಯಗಳು ನಿಲ್ಲುತ್ತವೆ. ಇನ್ನೈವತ್ತು ವರುಷಕ್ಕೆ ಮೂರನೆಯದು. ಒಳ್ಳೆಯ ಕೆಲಸಗಾರನು ಹೀಗೆ ಮಾಡುವುದಿಲ್ಲ. ಅವನು ಕವಲುಳ್ಳ ಸಣ್ಣ ಹಾರೆಯಂತಹ ಸಾಧನವನ್ನು ಬೋಲ್ಟಿನ ಕಿವಿಯ ಹಿಂದೆ ತೂರಿಸಿ, ಸುತ್ತಿಗೆಯಿಂದ ಮೆಲ್ಲಮೆಲ್ಲನೆ ತಟ್ಟಿ, ಹಳೆಯ ಸರಳನ್ನು ಮುರಿಯದಂತೆ ಇಡಿಯಾಗಿ ಹೊರಕ್ಕೆ ಎಳೆಯುತ್ತಾನೆ. ಬಳಿಕ ಅದೇ ರಂಧ್ರವನ್ನೇ ಅಗಲಿಸಿ, ಆಳ ಮಾಡಿ, ಧೂಳನ್ನು ಊದಿ ತೆಗೆದು, ಹೊಸದನ್ನು ಕೂರಿಸುತ್ತಾನೆ. ಯೋಸೆಮಿಟಿಯಂತಹ ರಕ್ಷಿತ ವನ್ಯಪ್ರದೇಶಗಳಲ್ಲಿ ಯಂತ್ರದ ಬೈರಿಗೆಗೆ ನಿಷೇಧವಿದೆ. ಒಂದೊಂದು ರಂಧ್ರಕ್ಕೂ ಹಗ್ಗದಲ್ಲಿ ನೇತಾಡುತ್ತ ಅರ್ಧ ಗಂಟೆಯೋ ಅದಕ್ಕೂ ಹೆಚ್ಚೋ ಕೈಸುತ್ತಿಗೆಯನ್ನೇ ಬಡಿಯಬೇಕು. ಕೊನೆಯಲ್ಲಿ, ನೋಡಿದವರಿಗೆ ಅಲ್ಲಿ ಏನೂ ನಡೆದಂತೆ ತೋರಬಾರದು. ಇಷ್ಟು ಶ್ರಮಪಟ್ಟು ಹೆಸರನ್ನೂ ಕೆತ್ತದೆ ಇಳಿದುಬರುವವರನ್ನು ಕಂಡರೆ, ಒಂದು ಕಿಟಕಿಗೆ ಬಣ್ಣ ಬಳಿಸಿ ಗೋಡೆಗೆ ಅಮೃತಶಿಲೆಯ ಫಲಕವನ್ನು ಹಾಕಿಸುವ ನಮ್ಮ ದಾನಿಗಳ ನೆನಪಾಗುತ್ತದೆ. ಇರಲಿ.

ಎರಡನೆಯ ನಿಯಮವು ಇದಕ್ಕಿಂತ ಸೂಕ್ಷ್ಮ. ಹಳೆಯ ಬೋಲ್ಟುಗಳು ಎಷ್ಟಿದ್ದುವೋ ಅಷ್ಟೇ ಇರಬೇಕು. ಮೊದಲು ಹತ್ತಿದವನು ಮೂವತ್ತಡಿಗೆ ಒಂದನ್ನು ಬಡಿದಿದ್ದರೆ, ದುರಸ್ತಿಗೆ ಹೋದವನು ನಡುವೆ ಇನ್ನೊಂದನ್ನು ಸೇರಿಸುವಂತಿಲ್ಲ. ಸೇರಿಸಬೇಕಾದರೆ ಮೊದಲಿಗನ ಒಪ್ಪಿಗೆಯನ್ನು ಕೇಳುವುದು ಅವರಲ್ಲಿಯ ಸಂಪ್ರದಾಯ. ಯೋಸೆಮಿಟಿಯ ಎತ್ತರದ ಪ್ರದೇಶವಾದ ಟುವಾಲಮಿಯಲ್ಲಿ 1981ರಲ್ಲಿ ಜಾನ್ ಬ್ಯಾಕರ್, ಡೇವ್ ಯೆರಿಯನ್ ಎಂಬವರು ಹತ್ತಿದ ದಾರಿಯೊಂದಿದೆ. ಇಬ್ಬರ ಹೆಸರನ್ನೂ ಸೇರಿಸಿಯೇ ಅದನ್ನು ಕರೆಯುತ್ತಾರೆ. ಅಲ್ಲಿ ಬೋಲ್ಟುಗಳು ಅತಿ ವಿರಳ. ಬಿದ್ದರೆ ಬಹುದೂರ ಬೀಳಬೇಕಾಗುವುದೇ ಆ ದಾರಿಯ ಖ್ಯಾತಿ. ಅದರ ಬೋಲ್ಟನ್ನು ಗಟ್ಟಿ ಮಾಡಿದರೆ ಅದು ಜೀರ್ಣೋದ್ಧಾರ. ಬೋಲ್ಟಿನ ಸಂಖ್ಯೆಯನ್ನು ಹೆಚ್ಚಿಸಿದರೆ ಅದು ಬೇರೆ ದಾರಿ.

ಇದು ಕ್ರೂರವಲ್ಲವೆ, ಒಂದು ಬೋಲ್ಟು ಹೆಚ್ಚು ಹಾಕಿದರೆ ಒಂದು ಪ್ರಾಣ ಉಳಿಯಬಹುದಲ್ಲವೆ, ಎಂದು ನಾನು ಶಿಷ್ಯನನ್ನು ಕೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ತಾವು ಪಾಠ ಹೇಳುವಾಗ ತಾಳೆಗರಿಯ ಪ್ರತಿಯಲ್ಲಿ ಅರ್ಥವಾಗದ ಪದ ಬಂದರೆ ಸುಲಭದ ಪದ ಹಾಕಿ ಓದಿಕೊಳ್ಳಿ ಎನ್ನುತ್ತಿದ್ದಿರಾ?" ಎಂದನು. ನಾನು ಎಂದೂ ಹಾಗೆ ಹೇಳಿದವನಲ್ಲ. ಕಷ್ಟವಾದ ಪಾಠವೇ ಮೂಲವಾಗಿರುವ ಸಂಭವ ಹೆಚ್ಚೆಂದು ಅವನಿಗೆ ಕಲಿಸಿದವನು ನಾನೇ. ಆದರೂ ಪೂರ್ತಿಯಾಗಿ ಒಪ್ಪಲು ನನ್ನ ಮನಸ್ಸು ಒಡಂಬಡದು. ತಪ್ಪು ಪಾಠದಿಂದ ಯಾರ ಎಲುಬೂ ಮುರಿಯುವುದಿಲ್ಲ. ಮೊದಲಿಗನ ಧೈರ್ಯವನ್ನು ಉಳಿಸಬೇಕೆಂಬುದು ಸರಿ. ಅವನ ಬಡತನದಿಂದಲೋ ಸಾಮಗ್ರಿ ಮುಗಿದುದರಿಂದಲೋ ಬೋಲ್ಟು ಕಡಿಮೆಯಾಗಿದ್ದರೆ ಅದನ್ನೂ ಧೈರ್ಯವೆಂದೇ ಉಳಿಸಬೇಕೆ? ಮೊದಲಿಗನು ಬದುಕಿರುವಾಗಲೇ ಇದನ್ನು ಕೇಳಿ ತಿಳಿದುಕೊಳ್ಳುವುದು ಮೇಲು. ಅವನು ಹೋದ ಮೇಲೆ ವ್ಯಾಖ್ಯಾನಕಾರರ ಕಾಲ ಬರುತ್ತದೆ.

ಇನ್ನು ಕೆಲವರು ದುರಸ್ತಿಯನ್ನೂ ಬಿಟ್ಟು ಕೀಳುವುದಕ್ಕೇ ಹೊರಟುದುಂಟು. ಹಾರ್ಡಿಂಗನು 1970ರಲ್ಲಿ ಡೀನ್ ಕಾಲ್ಡ್‌ವೆಲ್ ಎಂಬವನೊಡನೆ ಎಲ್ ಕ್ಯಾಪಿಟನ್ನಿನ ಮತ್ತೊಂದು ಮುಖವನ್ನು ಸುಮಾರು ಮೂರು ನೂರು ರಂಧ್ರಗಳನ್ನು ಕೊರೆದು ಹತ್ತಿದನು. ಅವನ ಸಮಕಾಲೀನನೂ ಮಿತಬೋಲ್ಟಿನ ಪಕ್ಷದ ಮುಖಂಡನೂ ಆದ ರಾಯಲ್ ರಾಬಿನ್ಸನಿಗೆ ಇದು ಸಹಿಸಲಿಲ್ಲ. 1971ರ ಆರಂಭದಲ್ಲಿ ಅವನು ಡಾನ್ ಲಾರಿಯಾ ಎಂಬವನನ್ನು ಕೂಡಿಕೊಂಡು ಅದೇ ದಾರಿಯನ್ನು ಎರಡನೆಯ ಬಾರಿ ಹತ್ತುತ್ತ, ದಾಟಿದ ಬೋಲ್ಟುಗಳನ್ನೆಲ್ಲ ಉಳಿಯಿಂದ ಕತ್ತರಿಸುತ್ತ ಹೋದನು. ಕೆಲವು ಹಂತಗಳನ್ನು ಏರಿದ ಮೇಲೆ, ಬೋಲ್ಟುಗಳ ನಡುವಣ ಭಾಗದಲ್ಲಿ ಹಾರ್ಡಿಂಗನು ಎಷ್ಟು ಕಠಿಣವಾದ ಕೆಲಸ ಮಾಡಿರುವನೆಂಬುದು ಅವನ ಕೈಗೇ ಅರಿವಾಯಿತು. ಉಳಿಯನ್ನು ಚೀಲಕ್ಕೆ ಹಾಕಿದನು. ಉಳಿದ ಬೋಲ್ಟುಗಳನ್ನು ಮುಟ್ಟದೆ ತುದಿಗೆ ಹೋದನು. ವಾದದಲ್ಲಿ ಸೋಲದೆ ಅನುಭವದಲ್ಲಿ ಸೋತು, ಆ ಸೋಲನ್ನು ಮರೆಮಾಡದ ಪ್ರತಿವಾದಿಯು ನಮ್ಮ ಶಾಸ್ತ್ರಚರ್ಚೆಯ ಇತಿಹಾಸದಲ್ಲಿಯೂ ಬಹು ವಿರಳ.

ದಕ್ಷಿಣ ಅಮೆರಿಕಾದ ಪ್ಯಾಟಗೋನಿಯಾದಲ್ಲಿ ಕಥೆ ಬೇರೆಯಾಯಿತು. ಇಟಲಿಯ ಚೇಸರೆ ಮಾಯೆಸ್ಟ್ರಿ ಎಂಬವನು 1970ರಲ್ಲಿ ಸೆರ್ರೋ ಟೊರ್ರೆ ಎಂಬ ಭಯಂಕರವಾದ ಶಿಖರಕ್ಕೆ ಇಂಧನದ ಯಂತ್ರವನ್ನೇ ಹೊರಿಸಿಕೊಂಡು ಹೋಗಿ, ಮುನ್ನೂರೈವತ್ತಕ್ಕೂ ಮಿಕ್ಕ ಬೋಲ್ಟುಗಳನ್ನು ಬಡಿದನು. ಆ ಯಂತ್ರವನ್ನು ಅವನು ಬಂಡೆಗೇ ಕಟ್ಟಿ ಬಿಟ್ಟುಬಂದುದರಿಂದ ದಾರಿಗೂ ಅದರ ಹೆಸರೇ ನಿಂತಿತು. 2012ರ ಜನವರಿಯಲ್ಲಿ ಹೇಡನ್ ಕೆನಡಿ, ಜೇಸನ್ ಕ್ರೂಕ್ ಎಂಬ ಇಬ್ಬರು ತರುಣರು ಬಹುಪಾಲು ಆ ಬೋಲ್ಟುಗಳ ಸಹಾಯವಿಲ್ಲದೆಯೇ ಹತ್ತಿ, ಇಳಿಯುವಾಗ ನೂರಕ್ಕೂ ಹೆಚ್ಚು ಬೋಲ್ಟುಗಳನ್ನು ಕಿತ್ತುಹಾಕಿದರು. ಬೆಟ್ಟದ ಬುಡದ ಊರಿನ ಜನರು ಕೆರಳಿದರು. ಪೋಲೀಸರು ಆ ತರುಣರನ್ನು ಕೆಲಕಾಲ ತಡೆದಿಟ್ಟರು. ಬಂಡೆಗೆ ಅದರ ಮೂಲಸ್ವರೂಪವನ್ನು ಮರಳಿ ಕೊಟ್ಟೆವೆಂದು ಇವರು. ನಾಲ್ವತ್ತು ವರುಷದ ಚರಿತ್ರೆಯನ್ನು ಅಳಿಸಿದಿರೆಂದು ಅವರು. ಮಾಯೆಸ್ಟ್ರಿಯ ಕೆಲಸವನ್ನು ನಾನು ಮೆಚ್ಚಲಾರೆನು. ಆದರೂ ಊರವರನ್ನು ಒಂದು ಮಾತು ಕೇಳದೆ ಹೀಗೆ ಮಾಡಿದುದು ಅವಸರವೆಂದೇ ನನ್ನ ಅಭಿಪ್ರಾಯ. ಕಿತ್ತ ಬೋಲ್ಟನ್ನು ಮತ್ತೆ ಬಡಿಯಬಹುದು. ಬಡಿದರೆ ಅದು ಮಾಯೆಸ್ಟ್ರಿಯದಾಗುವುದಿಲ್ಲ.

ಲೋಹದ ವಿಷಯದಲ್ಲಿಯೂ ಒಂದು ಮಾತು. ತುಕ್ಕುನಿರೋಧಕ ಉಕ್ಕೆಂದರೆ ಚಿರಂಜೀವಿಯೆಂದು ತಿಳಿದಿದ್ದ ಕಾಲವಿತ್ತು. ಥಾಯ್‌ಲೆಂಡಿನ ರೈಲೇ ಎಂಬ ಕಡಲತೀರದ ಸುಣ್ಣಕಲ್ಲಿನ ಬಂಡೆಗಳಲ್ಲಿ ಹಾಕಿದ ಅಂತಹ ಬೋಲ್ಟುಗಳು ಕೆಲವೇ ವರುಷಗಳಲ್ಲಿ, ಮೇಲೆ ತುಕ್ಕಿನ ಕಲೆಯೂ ಹೆಚ್ಚಾಗಿ ಕಾಣದಂತೆ, ಕಡ್ಡಿಯಂತೆ ಮುರಿದುವು. ಉಪ್ಪಿನ ಗಾಳಿ, ಸೆಕೆ, ಲೋಹದೊಳಗಿನ ಬಿಗಿತಗಳು ಕೂಡಿದಾಗ ಉಕ್ಕಿನಲ್ಲಿ ಕೂದಲೆಳೆಯಂತಹ ಸೀಳುಗಳು ಹರಿಯುವುವೆಂದು ಪರೀಕ್ಷೆಯಿಂದ ತಿಳಿಯಿತು. ಅಲ್ಲಿ ಈಗ ಟೈಟೇನಿಯಂ ಲೋಹದ ಸರಳನ್ನು ಅಂಟಿನಿಂದ ಕೂರಿಸುತ್ತಾರೆ. ಬೆಲೆ ಬಹಳ ಹೆಚ್ಚು. ದುರಸ್ತಿ ಮಾಡಿದುದಕ್ಕೇ ಮತ್ತೆ ದುರಸ್ತಿ!

ಅಮೆರಿಕಾದಲ್ಲಿ ಈ ಕಾರ್ಯಕ್ಕೆ ಸರಕಾರದಿಂದಲೂ ಒಂದು ಗಂಡಾಂತರ ಬಂದಿದ್ದಿತು. ಅಲ್ಲಿಯ 1964ರ ವನ್ಯಪ್ರದೇಶ ಶಾಸನವು ಅಂತಹ ಸ್ಥಳಗಳಲ್ಲಿ ಕಟ್ಟಡಗಳನ್ನೂ ಸ್ಥಾವರಗಳನ್ನೂ ನಿಷೇಧಿಸುತ್ತದೆ. 2023ರ ನವೆಂಬರಿನಲ್ಲಿ ಉದ್ಯಾನ ಮತ್ತು ಅರಣ್ಯ ಇಲಾಖೆಗಳವರು ಬೋಲ್ಟನ್ನೂ ಇಂತಹ ಸ್ಥಾವರವೆಂದು ಎಣಿಸುವ ಕರಡು ನಿಯಮಗಳನ್ನು ಹೊರಡಿಸಿದರು. ಹಾಗಾಗಿದ್ದರೆ ಒಂದು ಕೊಳೆತ ಬೋಲ್ಟನ್ನು ಬದಲಾಯಿಸುವುದಕ್ಕೂ ಅರ್ಜಿ, ವಿಚಾರಣೆ, ಅಪ್ಪಣೆಗಳಾಗಬೇಕಾಗಿದ್ದಿತು. ಅಷ್ಟರಲ್ಲಿ ಬೋಲ್ಟು ಅಪ್ಪಣೆಗಾಗಿ ಕಾಯುತ್ತಿರಲಿಲ್ಲ. ಹತ್ತುವವರ ಸಂಘಗಳು ಬಲವಾಗಿ ಆಕ್ಷೇಪಿಸಿದುವು. 2025ರ ಜನವರಿ 4ರಂದು ರಾಷ್ಟ್ರಾಧ್ಯಕ್ಷರ ಅಂಕಿತವಾದ ಹೊರಾಂಗಣ ವಿಹಾರದ ಶಾಸನದಲ್ಲಿ, ವನ್ಯಪ್ರದೇಶಗಳಲ್ಲಿ ಬೋಲ್ಟುಗಳನ್ನು ಹಾಕುವುದೂ ಕಾಪಾಡುವುದೂ ತಕ್ಕ ಕಟ್ಟಳೆಗಳಿಗೊಳಪಟ್ಟು ಸಲ್ಲುವುದೆಂದು ಸೇರಿಸಲಾಯಿತು.

ಬಾದಾಮಿಯ ಮಾತಿಗೆ ಬರುತ್ತೇನೆ. ಅಲ್ಲಿಯದು ಗ್ರಾನೈಟಲ್ಲ, ಕೆಂಪು ಮರಳುಗಲ್ಲು. ಅದೇ ಕಲ್ಲನ್ನು ಕೊರೆದು ಚಾಲುಕ್ಯ ಮಂಗಲೇಶನು ಕ್ರಿ. ಶ. 578ರಲ್ಲಿ ಮಹಾವಿಷ್ಣುಗೃಹವನ್ನು ಪ್ರತಿಷ್ಠಿಸಿದನು. ಇಂದು ನಾವು ಮೂರನೆಯ ಗುಹೆಯೆನ್ನುವುದು ಅದೇ. ಗುಡಿ ಗುಹೆಗಳಿಂದ ದೂರದ ಬಂಡೆಗಳಲ್ಲಿ ದೇಶವಿದೇಶಗಳ ಜನರು ಬಂದು ಹತ್ತುತ್ತಾರೆ. ಮರಳುಗಲ್ಲು ಮೃದುವಾದುದರಿಂದ ಸಣ್ಣ ಬೋಲ್ಟು ಇಲ್ಲಿ ಇನ್ನೂ ಅಪಾಯಕರ. ಉದ್ದವಾದ ಸರಳನ್ನು ಆಳವಾಗಿ ಅಂಟಿನಿಂದ ಕೂರಿಸುವುದು ಲೇಸು. ಮಳೆ ಬಂದ ಮರುದಿನ ಈ ಕಲ್ಲು ಬಲಗುಂದಿರುತ್ತದೆ, ಆಗ ಹತ್ತಬಾರದು.

ಶಿಷ್ಯನು ಕರೆದೊಯ್ದು ತೋರಿಸಿದ್ದರಿಂದ ನಾನೂ ಒಂದು ಬೆಳಗ್ಗೆ ಆ ಬಂಡೆಯ ಬುಡದಲ್ಲಿ ಕುಳಿತು ನೋಡಿದೆನು. ಅವನು ಮೇಲೆ ಹಗ್ಗದಲ್ಲಿ ಕುಳಿತು ಹಳೆಯ ರಂಧ್ರವನ್ನು ತಿದ್ದುತ್ತಿದ್ದನು. ಕೆಂಪು ಹುಡಿ ಕೆಳಗೆ ನನ್ನ ಪಂಚೆಯ ಮೇಲೆ ಉದುರುತ್ತಿದ್ದಿತು. ಕೋತಿಗಳು ಅವನಿಗಿಂತ ಮೇಲೆ ಕುಳಿತು ಅವನನ್ನೇ ನೋಡುತ್ತಿದ್ದುವು. ಅಂಟನ್ನು ತುಂಬಿ ಸರಳನ್ನು ಇಳಿಸಿದ ಮೇಲೆ, ಅದಕ್ಕೆ ಒಂದು ಬಣ್ಣದ ಬಟ್ಟೆಯ ಚೂರನ್ನು ಕಟ್ಟಿ ಇಳಿದುಬಂದನು. ಅದೇಕೆಂದು ಕೇಳಿದೆನು. "ಅಂಟು ಒಣಗುವವರೆಗೂ ಯಾರೂ ಇದನ್ನು ನಂಬಬಾರದೂಂತ ಗುರುತು ಮೇಷ್ಟ್ರೇ. ನಾಳೆ ಬಂದು ಬಿಚ್ಚುತ್ತೇನೆ," ಎಂದು ಹೇಳಿ, ಕೈಯಲ್ಲಿದ್ದ ಹಳೆಯ ಬೋಲ್ಟುಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡನು. ಆರು ಇದ್ದುವು.